ಶಾಖೆಯ ಫೋನು ಹೆಡ್ ಆಫೀಸಿಗೆ ಯಾವ ದಾರಿಯಲ್ಲಿ ಬರಬೇಕು? ತೆರೆದ ಪೋರ್ಟ್, ಓಪನ್‌ವಿಪಿಎನ್, ವೈರ್‌ಗಾರ್ಡ್, ಕ್ಲೌಡ್: ನಾನು ಓಡಿಸಿ ನೋಡಿದ್ದು

ಹುಬ್ಬಳ್ಳಿಯಲ್ಲಿ ಹೆಡ್ ಆಫೀಸು, ಗದಗ, ಹಾವೇರಿ ಕಡೆ ಶಾಖೆ, ಜೊತೆಗೆ ಮನೆಯಿಂದ ಕೆಲಸ ಮಾಡುವ ಕೆಲವರು. ಇಂಥ ಸಣ್ಣ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲರೂ ಕೇಳುವುದು ಒಂದನ್ನೇ. ಶಾಖೆಯ ಮೇಜಿನ ಮೇಲಿರುವ ಐಪಿ ಫೋನು, ಮನೆಯಲ್ಲಿರುವವರ ಲ್ಯಾಪ್‌ಟಾಪು, ಎಲ್ಲವೂ ಹೆಡ್ ಆಫೀಸಿನ ಎಕ್ಸ್‌ಟೆನ್ಶನ್ ಇದ್ದಂಗೆ ರಿಂಗ್ ಆಗಬೇಕು. ಮೂರು ಅಂಕಿ ಒತ್ತಿದರೆ ಮಾತಾಡಬೇಕು.

ಇದಕ್ಕೆ ನಾಲ್ಕು ದಾರಿಗಳನ್ನು ನಾನು ದಿನನಿತ್ಯದ ಕಾಲ್‌ಗಳ ಮೇಲೆಯೇ ಓಡಿಸಿ ನೋಡಿದ್ದೇನೆ. ಮೊದಲ ಮೂರರಲ್ಲೂ ಪಿಬಿಎಕ್ಸ್, ಅಂದರೆ ಆಫೀಸಿನ ಕಾಲ್‌ಗಳನ್ನು ಜೋಡಿಸುವ ಎಕ್ಸ್‌ಚೇಂಜ್, ಒಂದೇ: ಆಫೀಸಿನಲ್ಲೇ ಇಟ್ಟ ಫ್ರೀಪಿಬಿಎಕ್ಸ್, ಅದರ ಒಳಗೆ ಕಾಲ್ ನಡೆಸುವ ಆಸ್ಟರಿಸ್ಕ್ ಸಾಫ್ಟ್‌ವೇರ್. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ: ವೈರ್‌ಗಾರ್ಡ್. ಓಪನ್‌ವಿಪಿಎನ್‌ನಂತೆ ಇದೂ ಒಂದು ವಿಪಿಎನ್, ಅಂದರೆ ಇಂಟರ್ನೆಟ್ ಮೇಲೆಯೇ ಎರಡು ಜಾಗಗಳ ನಡುವೆ ಹಾಕುವ ಗುಪ್ತ ದಾರಿ. ಆದರೆ ಎಲ್ಲ ಆಫೀಸಿಗೂ ಅದೇ ಸರಿ ಅಂತಲ್ಲ, ಎಲ್ಲ ಫೋನಿಗೂ ಅದು ಒಗ್ಗುವುದಿಲ್ಲ. ಮಾತಿನ ಸ್ಪಷ್ಟತೆಯಲ್ಲಿ ಈ ನಾಲ್ಕರ ನಡುವೆ ಇರುವ ವ್ಯತ್ಯಾಸ ಜನ ಅಂದುಕೊಂಡಷ್ಟು ದೊಡ್ಡದಲ್ಲ. ನಿಜವಾದ ವ್ಯತ್ಯಾಸ ಇರುವುದು ದಿನಾ ಯಾರು ಕಾವಲು ಕಾಯಬೇಕು ಅನ್ನುವುದರಲ್ಲಿ.

ಮೊದಲು ತೆರೆದ ಪೋರ್ಟ್, ಅಂದರೆ ರೂಟರಿನ ಬಾಗಿಲನ್ನು ಇಂಟರ್ನೆಟ್‌ಗೆ ತೆರೆದಿಡುವುದು. ರೂಟರ್‌ನಲ್ಲಿ ಕಾಲ್ ಜೋಡಿಸುವ ಸಿಪ್‌ಗೆ ಯುಡಿಪಿ 5060, ಜೊತೆಗೆ ಮಾತು ಹೋಗುವ ಆರ್‌ಟಿಪಿಗೆ 10000ದಿಂದ 20000ದ ತನಕ ಪೋರ್ಟುಗಳನ್ನು ಪಿಬಿಎಕ್ಸ್ ಕಡೆ ಫಾರ್ವರ್ಡ್ ಮಾಡುವುದು. ಶುರು ಮಾಡೋಕೆ ಇಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಫೋನಿನಲ್ಲಿ ಪಬ್ಲಿಕ್ ಐಪಿ, ಎಕ್ಸ್‌ಟೆನ್ಶನ್, ಪಾಸ್‌ವರ್ಡ್ ಹಾಕಿದರೆ ಮುಗೀತು. ಯಾವ ಕಂಪನಿಯ ಫೋನಾದರೂ ನಡೆಯುತ್ತದೆ, ಯಾವ ಆ್ಯಪ್ ಆದರೂ ನಡೆಯುತ್ತದೆ.

ಪೋರ್ಟ್ ತೆರೆದ ಮೇಲೆ ಬರುವ ಸಿಪ್ ಸಂದೇಶಗಳನ್ನು ತೋರಿಸುವ ಎಸ್‌ಎನ್‌ಗ್ರೆಪ್ ಹಾಕಿಕೊಂಡು ಕೂತು ನೋಡಿ. ಸ್ವಲ್ಪ ಹೊತ್ತಿನಲ್ಲೇ ಪರದೆ ತುಂಬುತ್ತದೆ. ಅವು ನಮ್ಮ ಫೋನುಗಳಲ್ಲ. 100, 101, 102, ಆಮೇಲೆ 1000, 1001 ಅಂತ ಎಕ್ಸ್‌ಟೆನ್ಶನ್ ನಂಬರನ್ನು ಸಾಲಾಗಿ ಊಹಿಸಿಕೊಂಡು ರಿಜಿಸ್ಟರ್ ಆಗಲು ನೋಡುವವರು. ಕೆಲವು ಪ್ಯಾಕೆಟ್‌ಗಳಲ್ಲಿ, ಕಳಿಸಿದ ಸಾಧನದ ಹೆಸರಿರುವ ಯೂಸರ್ ಏಜೆಂಟ್ ಜಾಗದಲ್ಲಿ ‘ಫ್ರೆಂಡ್ಲಿ-ಸ್ಕ್ಯಾನರ್’ ಅಂತಲೇ ಇರುತ್ತದೆ. ಸಿಪ್‌ವಿಷಿಯಸ್ ಅನ್ನುವ ಸಾಧನ ತಾನಾಗಿ ಹಾಕುವ ಹೆಸರು ಅದು. ಭದ್ರತೆ ಪರೀಕ್ಷಿಸಲಿಕ್ಕೆ ಮಾಡಿದ್ದು, ಈಗ ಕಳ್ಳರ ಕೈಯಲ್ಲೂ ಇದೆ. ಇನ್ನು ಕೆಲವರು ರಿಜಿಸ್ಟರ್ ಗೊಡವೆಗೇ ಹೋಗುವುದಿಲ್ಲ. ವಿದೇಶದ ಒಂದು ನಂಬರಿನ ಮುಂದೆ 00, 900, 9011 ಅಂತ ಬೇರೆ ಬೇರೆ ಅಂಕಿ ಸೇರಿಸಿ ನೇರವಾಗಿ ಕಾಲ್ ಹಾಕಿ ನೋಡುತ್ತಾರೆ. ಯಾವುದಾದರೂ ಒಂದು ಹೊರಗೆ ಹೋಗುತ್ತದಾ ಅಂತ.

ಅವರಿಗೆ ಬೇಕಿರುವುದು ನಮ್ಮ ಮಾತಲ್ಲ, ನಮ್ಮ ಟ್ರಂಕ್, ಅಂದರೆ ಹೊರಗಿನ ನಂಬರುಗಳಿಗೆ ಕಾಲ್ ಹೋಗುವ ಲೈನ್. ಒಂದು ಎಕ್ಸ್‌ಟೆನ್ಶನ್ ಕೈಗೆ ಸಿಕ್ಕರೆ ಸಾಕು, ವಿದೇಶದ ಪ್ರೀಮಿಯಂ ನಂಬರುಗಳಿಗೆ ರಾತ್ರಿಯೆಲ್ಲ ಕಾಲ್ ಹೋಗುತ್ತವೆ. ಆ ನಂಬರಿನ ಆದಾಯದಲ್ಲಿ ಅವರಿಗೆ ಪಾಲು, ಬಿಲ್ ಮಾತ್ರ ನಮಗೆ. ಶನಿವಾರ ರಾತ್ರಿ ಶುರುವಾದದ್ದು ಸೋಮವಾರ ಬೆಳಿಗ್ಗೆ ಆಫೀಸು ತೆರೆದಾಗ ಗೊತ್ತಾಗುತ್ತದೆ.

ತಡೆಯುವುದಕ್ಕೆ ಉಪಾಯಗಳಿವೆ, ಇಲ್ಲವೆನ್ನುವುದಿಲ್ಲ. ಉದ್ದದ ಪಾಸ್‌ವರ್ಡ್, 5061ರಲ್ಲಿ ಸಿಪ್ ಸಂದೇಶವನ್ನು ಗುಪ್ತವಾಗಿಸುವ ಟಿಎಲ್‌ಎಸ್, ಮಾತನ್ನು ಗುಪ್ತವಾಗಿಸುವ ಎಸ್‌ಆರ್‌ಟಿಪಿ, ತಪ್ಪು ಪಾಸ್‌ವರ್ಡ್ ಕೊಡುವ ಐಪಿಯನ್ನು ಹೊರಗಿಡಲು ಫೇಲ್‌ಟುಬ್ಯಾನ್. ಎಲ್ಲವನ್ನೂ ಹಾಕಿದೆ, ಎಲ್ಲವೂ ಕೆಲಸ ಮಾಡಿದವು. ಆದರೆ ಫೇಲ್‌ಟುಬ್ಯಾನ್‌ಗೆ ನಮ್ಮವರು ಯಾರು, ಹೊರಗಿನವರು ಯಾರು ಅಂತ ಗೊತ್ತಾಗುವುದಿಲ್ಲ. ಶಾಖೆಯಲ್ಲಿ ಒಬ್ಬರು ಹೊಸ ಫೋನಿಗೆ ಪಾಸ್‌ವರ್ಡ್ ತಪ್ಪಾಗಿ ಹಾಕಿದರು ಅಂದುಕೊಳ್ಳಿ. ಆ ಶಾಖೆಯ ಫೋನುಗಳೆಲ್ಲ ಒಂದೇ ಪಬ್ಲಿಕ್ ಐಪಿಯಿಂದ ಬರುತ್ತವಲ್ಲ, ಅಷ್ಟೂ ಒಟ್ಟಿಗೆ ಬಂದ್. ನಮ್ಮ ಕಡೆಯ ಎಷ್ಟೋ ಬ್ರಾಡ್‌ಬ್ಯಾಂಡ್ ಲೈನುಗಳು ಸಿಜಿಎನ್‌ಎಟಿ ಹಿಂದೆ ಇವೆ, ಅಂದರೆ ಒಂದೇ ಐಪಿಯನ್ನು ಹಲವು ಗಿರಾಕಿಗಳು ಹಂಚಿಕೊಂಡಿರುತ್ತಾರೆ. ಶಾಖೆಯ ಐಪಿಗೆ ವಿನಾಯಿತಿ ಕೊಡೋಣ ಅಂದರೆ ಅದು ನಾಳೆ ಬದಲಾಗಿರುತ್ತದೆ.

ಇದರ ಜೊತೆ ಎನ್‌ಎಟಿಯ ಹಳೇ ಕಾಟ. ಎನ್‌ಎಟಿ ಅಂದರೆ ಒಳಗಿನ ಐಪಿಗಳನ್ನು ರೂಟರು ತನ್ನ ಪಬ್ಲಿಕ್ ಐಪಿಯಾಗಿ ಬದಲಿಸುವುದು. ಶಾಖೆಯಿಂದ ಬರುವ ದೂರು ಬಹಳ ಸಲ ಇದೇ: “ಸರ್, ನಮ್ಮ ಮಾತು ಅವರಿಗೆ ಕೇಳಸ್ತದ, ಅವರದು ನಮಗ ಕೇಳವಲ್ದು.” ಕಾರಣ ಸರಳ. ಫೋನು ತನ್ನ ವಿಳಾಸ 192.168.1.20 ಅಂತ ಎಸ್‌ಡಿಪಿ (ಮಾತನ್ನು ಎಲ್ಲಿಗೆ ಕಳಿಸಬೇಕೆಂದು ಹೇಳುವ ಭಾಗ) ಒಳಗೆ ಬರೆದು ಕಳಿಸುತ್ತದೆ. ಪಿಬಿಎಕ್ಸ್ ಅದನ್ನೇ ನಂಬಿ ಮಾತಿನ ಪ್ಯಾಕೆಟ್‌ಗಳನ್ನು ಆ ವಿಳಾಸಕ್ಕೆ ಕಳಿಸಿದರೆ ಅವು ಎಲ್ಲಿಗೂ ತಲುಪುವುದಿಲ್ಲ. ಸಿಪ್ ಸಂದೇಶವನ್ನು ತಿದ್ದುವ ರೂಟರಿನ ಸಿಪ್ ಎಎಲ್‌ಜಿ ಸೌಲಭ್ಯ ಇದನ್ನು ಸರಿಪಡಿಸಲು ಹೋಗಿ ಇನ್ನಷ್ಟು ಕೆಡಿಸುತ್ತದೆ, ಅದನ್ನು ಮೊದಲು ಆಫ್ ಮಾಡಬೇಕು. ಆಮೇಲೆ ಆಸ್ಟರಿಸ್ಕ್‌ನ ಸಿಪ್ ಭಾಗವಾದ ಪಿಜೆಸಿಪ್‌ನಲ್ಲಿ ಆರ್‌ಟಿಪಿ ಸಿಮೆಟ್ರಿಕ್, ಫೋರ್ಸ್ ಆರ್‌ಪೋರ್ಟ್, ರೀರೈಟ್ ಕಾಂಟ್ಯಾಕ್ಟ್ ಮೂರನ್ನೂ ಆನ್ ಮಾಡಿ, ಡೈರೆಕ್ಟ್ ಮೀಡಿಯಾ ಆಫ್ ಮಾಡಬೇಕು. ಆಗ ಸರಿಹೋಗುತ್ತದೆ.

ಹೀಗೆ ಈ ದಾರಿ ನಡೆಯುತ್ತದೆ, ಆದರೆ ದಿನಾ ಲಾಗ್ ನೋಡುವ ಒಬ್ಬರು ಬೇಕು. ಸಣ್ಣ ಆಫೀಸಿನಲ್ಲಿ ಅಂಥವರು ಇರುವುದಿಲ್ಲ.

ಇನ್ನೊಂದು ಮಾತು, ಇದು ಗಂಭೀರವಾದದ್ದು. 5060 ತೆರೆಯುವವರು ಎಷ್ಟೋ ಸಲ ಅಡ್ಮಿನ್ ಪ್ಯಾನೆಲನ್ನೂ ತೆರೆದಿಟ್ಟಿರುತ್ತಾರೆ, ಮನೆಯಿಂದ ನೋಡಲಿಕ್ಕೆ ಅನುಕೂಲ ಅಂತ. 2025ರ ಆಗಸ್ಟ್‌ನಲ್ಲಿ ಫ್ರೀಪಿಬಿಎಕ್ಸ್‌ನ 15, 16, 17ನೇ ಆವೃತ್ತಿಗಳಲ್ಲಿ ಸಿವಿಇ-2025-57819 ಅನ್ನುವ ದೋಷ ಬೆಳಕಿಗೆ ಬಂತು. ಪಾಸ್‌ವರ್ಡೇ ಇಲ್ಲದೆ ಒಳಗೆ ಹೋಗಬಹುದಾಗಿತ್ತು. ಸರಿಪಡಿಸುವ ಅಪ್‌ಡೇಟ್ ಬರುವ ಮೊದಲೇ, ಇಂಟರ್ನೆಟ್‌ಗೆ ಕಾಣುವಂತೆ ಇಟ್ಟಿದ್ದ ಪ್ಯಾನೆಲ್‌ಗಳಿಗೆ ಕಳ್ಳರು ನುಗ್ಗಿದ್ದರು. ನಿಮ್ಮ ಪಾಸ್‌ವರ್ಡ್ ಎಷ್ಟು ಉದ್ದ ಇದ್ದರೂ ಇಂಥದ್ದಕ್ಕೆ ಪ್ರಯೋಜನವಿಲ್ಲ. ಪ್ಯಾನೆಲ್ ಹೊರಗೆ ಕಾಣದಿದ್ದರೆ ಮಾತ್ರ ಬಚಾವ್. ಕೈಮುಗಿದು ಕೇಳುತ್ತೇನೆ, ಬೇರೆ ಏನು ಮಾಡದಿದ್ದರೂ ಇದೊಂದನ್ನು ಇವತ್ತೇ ಮುಚ್ಚಿ.

ಈಗ ವಿಪಿಎನ್‌ಗಳಿಗೆ ಬರೋಣ. ಎರಡರಲ್ಲೂ ಹೊರಗೆ ತೆರೆಯುವುದು ಒಂದೇ ಒಂದು ಯುಡಿಪಿ ಪೋರ್ಟ್. ಓಪನ್‌ವಿಪಿಎನ್‌ಗೆ 1194, ವೈರ್‌ಗಾರ್ಡ್‌ಗೆ ಸಾಮಾನ್ಯವಾಗಿ 51820. ಸಿಪ್, ಆರ್‌ಟಿಪಿ, ಅಡ್ಮಿನ್ ಪ್ಯಾನೆಲ್ ಎಲ್ಲ ಒಳಗೆ. ಹೆಡ್ ಆಫೀಸಿನಲ್ಲಿ ಒಂದು ಸ್ಟ್ಯಾಟಿಕ್ (ಬದಲಾಗದ) ಐಪಿ ಇದ್ದರೆ ಸಾಕು. ಶಾಖೆ ಸಿಜಿಎನ್‌ಎಟಿ ಹಿಂದೆ ಇದ್ದರೂ ಚಿಂತೆಯಿಲ್ಲ, ಯಾಕಂದರೆ ಟನಲ್ (ವಿಪಿಎನ್‌ನ ಆ ಗುಪ್ತ ದಾರಿ) ಶುರು ಮಾಡುವುದು ಶಾಖೆಯ ಕಡೆಯಿಂದಲೇ. ಒಮ್ಮುಖ ಮಾತಿನ ಆ ದೂರು ಟನಲ್ ಹಾಕಿದ ದಿನವೇ ನಿಂತಿತು. ಪಿಬಿಎಕ್ಸ್‌ಗೂ ಫೋನಿಗೂ ನಡುವೆ ಎನ್‌ಎಟಿ ಇಲ್ಲವಲ್ಲ.

ಓಪನ್‌ವಿಪಿಎನ್‌ನ ದೊಡ್ಡ ಲಾಭ ಅಂದರೆ ಯಾಲಿಂಕ್, ಗ್ರ್ಯಾಂಡ್‌ಸ್ಟ್ರೀಮ್‌ನ ಹಲವು ಡೆಸ್ಕ್ ಫೋನುಗಳ ಒಳಗೇ ಅದರ ಕ್ಲೈಂಟ್ ಇದೆ. ಸರ್ಟಿಫಿಕೇಟ್ ಹಾಕಿ ಫೋನನ್ನು ಮನೆಗೆ ಕಳಿಸಿ, ಅವರ ವೈ-ಫೈ ರೂಟರಿಗೆ ತಂತಿ ಚುಚ್ಚಿದರೆ ಸಾಕು. ಬೇರೆ ಏನೂ ಬೇಡ. ಮನೆಯಲ್ಲಿ ಒಂದೇ ಫೋನು ಇಟ್ಟುಕೊಂಡು ಕೆಲಸ ಮಾಡುವ ಅಕೌಂಟ್ಸ್ ಮೇಡಂ ಅವರಿಗೆ ನಾನು ಇವತ್ತಿಗೂ ಇದನ್ನೇ ಕೊಡುತ್ತೇನೆ. ಟಿಎಲ್‌ಎಸ್-ಕ್ರಿಪ್ಟ್ ಅನ್ನುವ ಆಯ್ಕೆ ಆನ್ ಮಾಡಿದರೆ ಕೀ ಇಲ್ಲದವರಿಗೆ ಯುಡಿಪಿಯಲ್ಲಿ ಸರ್ವರ್ ಉತ್ತರವನ್ನೇ ಕೊಡುವುದಿಲ್ಲ, ಇದೂ ಒಳ್ಳೇದು.

ಒಂದು ಎಚ್ಚರ ಮಾತ್ರ ಇರಲಿ. ಓಪನ್‌ವಿಪಿಎನ್‌ನ್ನು ಟಿಸಿಪಿಯಲ್ಲಿ ಓಡಿಸಬೇಡಿ. ಲೈನಿನಲ್ಲಿ ಒಂದು ಪ್ಯಾಕೆಟ್ ಕಳೆದರೆ ಟಿಸಿಪಿ ಅದು ಮತ್ತೆ ಬರುವ ತನಕ ಅದರ ನಂತರ ಬಂದದ್ದನ್ನೆಲ್ಲ ತಡೆದು ನಿಲ್ಲಿಸುತ್ತದೆ. ಫೈಲ್ ಡೌನ್‌ಲೋಡಿಗೆ ಇದು ಸರಿ. ಮಾತಿಗೆ ಸರಿಯಲ್ಲ. 20 ಮಿಲಿಸೆಕೆಂಡಿನ ಮಾತಿನ ತುಣುಕು ಕಳೆದುಹೋದರೆ ಕಿವಿಗೆ ಗೊತ್ತೇ ಆಗುವುದಿಲ್ಲ, ಆದರೆ ಅರ್ಧ ಸೆಕೆಂಡ್ ತಡವಾಗಿ ಬಂದರೆ ಇಬ್ಬರೂ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡಲು ಶುರು ಮಾಡುತ್ತಾರೆ. ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನೊಳಗೆ ಇದ್ದರೆ ಒಳ್ಳೆಯದು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುನ ಜಿ.114 ಶಿಫಾರಸು ಹೇಳುವುದು ಸುಮ್ನೆ ಅಲ್ಲ.

ವೈರ್‌ಗಾರ್ಡ್ 2020ರಲ್ಲಿ ಲಿನಕ್ಸ್ ಕರ್ನಲ್ 5.6ರ ಒಳಗೇ ಸೇರಿತು. ಸರ್ಟಿಫಿಕೇಟು ಇಲ್ಲ, ಅದರ ಅವಧಿ ಮುಗಿಯಿತೆಂಬ ಗೋಳಿಲ್ಲ. ಎರಡೂ ಕಡೆ ಒಂದೊಂದು ಜೋಡಿ ಕೀ, ಕೆಲವೇ ಸಾಲಿನ ಕಾನ್ಫಿಗ್. ಶಾಖೆಗೆ ರೌಟರ್‌ಓಎಸ್ 7 ಇರುವ ಒಂದು ಸಣ್ಣ ಮೈಕ್ರೋಟಿಕ್ ರೂಟರ್ ಇಡುತ್ತೇನೆ, ಟನಲ್ ಅದೇ ನೋಡಿಕೊಳ್ಳುತ್ತದೆ, ಹಿಂದಿರುವ ಫೋನುಗಳಿಗೆ ವಿಪಿಎನ್ ಅಂದರೇನು ಅಂತಲೇ ಗೊತ್ತಿರಬೇಕಾಗಿಲ್ಲ. ನನಗೆ ತುಂಬಾ ಹಿಡಿಸಿದ್ದು ಲೈನ್ ಬದಲಾದಾಗ ಅದು ನಡೆದುಕೊಳ್ಳುವ ರೀತಿ. ಶಾಖೆಯ ಫೈಬರ್ ಕಟ್ ಆಗಿ 4ಜಿ ಡಾಂಗಲ್‌ಗೆ ಹೋದರೂ ಟನಲ್ ತಾನಾಗಿ ಹೊಸ ಐಪಿಯಿಂದ ಮುಂದುವರಿಯುತ್ತದೆ. ಓಪನ್‌ವಿಪಿಎನ್‌ನಲ್ಲಿ ಇದೇ ಸಂದರ್ಭದಲ್ಲಿ ಮತ್ತೆ ಕನೆಕ್ಟ್ ಆಗುವ ತನಕ ಕಾದಿದ್ದೇನೆ, ಅಷ್ಟರಲ್ಲಿ ಕಾಲ್ ಕಟ್.

ಮರೆಯಬಾರದ ಸಾಲು ಒಂದಿದೆ: ಪರ್ಸಿಸ್ಟೆಂಟ್ ಕೀಪ್‌ಅಲೈವ್ 25, ಅಂದರೆ 25 ಸೆಕೆಂಡಿಗೊಮ್ಮೆ ಒಂದು ಖಾಲಿ ಪ್ಯಾಕೆಟ್ ಕಳಿಸುವುದು. ಇದಿಲ್ಲದಿದ್ದರೆ ಟನಲ್‌ನಲ್ಲಿ ಏನೂ ಓಡಾಡದಿದ್ದಾಗ ಮಧ್ಯದ ಎನ್‌ಎಟಿ ಆ ದಾರಿಯನ್ನು ಮರೆತುಬಿಡುತ್ತದೆ. ಫೋನಿನ ಪರದೆ ರಿಜಿಸ್ಟರ್ ಆಗಿದೆ ಅಂತಲೇ ತೋರಿಸುತ್ತಿರುತ್ತದೆ, ಹೊರಗೆ ಕಾಲ್ ಮಾಡಿದರೆ ಹೋಗುತ್ತದೆ, ಆದರೆ ಒಳಗೆ ಬರುವ ಕಾಲ್ ರಿಂಗ್ ಆಗುವುದಿಲ್ಲ. ಇಂಥ ದೋಷ ಹುಡುಕುವುದು ಕಷ್ಟ, ಯಾಕಂದರೆ ನೋಡಲು ಎಲ್ಲ ಸರಿಯಾಗಿಯೇ ಇರುತ್ತದೆ.

ಲೈನಿನ ಲೆಕ್ಕವನ್ನೂ ಹೇಳುತ್ತೇನೆ, ಮಾಲೀಕರು ಕೇಳುವುದು ಇದನ್ನೇ. ಮಾತನ್ನು ಡಿಜಿಟಲ್ ಮಾಡುವ ಜಿ.711 ವಿಧಾನದಲ್ಲಿ ಸೆಕೆಂಡಿಗೆ 50 ಪ್ಯಾಕೆಟ್, ಒಂದೊಂದರಲ್ಲಿ 160 ಬೈಟ್ ಮಾತು, ಹೆಡರ್ ಸೇರಿ 200 ಬೈಟ್. ಅಂದರೆ ಒಂದು ದಿಕ್ಕಿಗೆ 80 ಕೆಬಿಪಿಎಸ್. ವೈರ್‌ಗಾರ್ಡ್ ಸುತ್ತಿದ ಮೇಲೆ ಅದೇ ಪ್ಯಾಕೆಟ್ 268 ಬೈಟ್ ಆಗುತ್ತದೆ, ಸುಮಾರು 107 ಕೆಬಿಪಿಎಸ್. ಒಟ್ಟಿಗೆ ಹತ್ತು ಕಾಲ್ ಇದ್ದರೂ ಒಂದು ಎಂಬಿಪಿಎಸ್‌ಗಿಂತ ಚೂರು ಜಾಸ್ತಿ. ಇವತ್ತಿನ ಫೈಬರ್‌ಗೆ ಇದೇನೂ ಅಲ್ಲ. ತೊಂದರೆ ಬರುವುದು ಅಪ್‌ಲೋಡ್ ತುಂಬಿದಾಗ, ಸಿಸಿಟಿವಿ ಡಿವಿಆರ್ ಕ್ಲೌಡ್‌ಗೆ ವಿಡಿಯೋ ತಳ್ಳುತ್ತಿರುವಾಗ.

ಇಲ್ಲೇ ವೈರ್‌ಗಾರ್ಡ್‌ನ ಒಂದು ಕೊರತೆ ಇದೆ. ಫೋನು ಮಾತಿನ ಪ್ಯಾಕೆಟ್ ಮೇಲೆ ಡಿಎಸ್‌ಸಿಪಿ 46 ಅಂತ ಗುರುತು ಹಾಕಿ ಕಳಿಸುತ್ತದೆ, ಮೊದಲು ಬಿಡಿ ಅಂತ. ವೈರ್‌ಗಾರ್ಡ್ ಆ ಗುರುತನ್ನು ಹೊರಗಿನ ಪ್ಯಾಕೆಟ್ ಮೇಲೆ ನಕಲು ಮಾಡುವುದಿಲ್ಲ. ಓಪನ್‌ವಿಪಿಎನ್‌ನಲ್ಲಿ ಅದಕ್ಕೆ ಪಾಸ್‌ಟಿಓಎಸ್ ಅನ್ನುವ ಆಯ್ಕೆ ಇದೆ. ನಾನು ಮಾಡಿಕೊಂಡ ದಾರಿ: ಟನಲ್‌ನೊಳಗೆ ಫೋನುಗಳನ್ನು ಬಿಟ್ಟು ಬೇರೆ ಏನನ್ನೂ ಬಿಡದೆ, ಇಡೀ ಟನಲ್‌ಗೇ ರೂಟರ್‌ನ ಕ್ಯೂನಲ್ಲಿ ಮೊದಲ ಸ್ಥಾನ. ಡಿವಿಆರ್ ಎಷ್ಟು ತಳ್ಳಿದರೂ ಮಾತು ಒಡೆಯುವುದಿಲ್ಲ.

ಫೋನು ಮಾತ್ರ ಒಳಗೆ ಅನ್ನುವ ಈ ನಿಯಮ ಭದ್ರತೆಗೂ ಮುಖ್ಯ. ವಿಪಿಎನ್ ಹಾಕಿದೆವು, ಇನ್ನು ನಿಶ್ಚಿಂತೆ ಅಂದುಕೊಳ್ಳುವವರು ಜಾಸ್ತಿ. ಮನೆಯ ಲ್ಯಾಪ್‌ಟಾಪಿಗೆ ವೈರಸ್ ಬಂದರೆ ಟನಲ್ ಅದಕ್ಕೂ ದಾರಿಯೇ ಅಲ್ವಾ? ಹಾಗಾಗಿ ಒಬ್ಬೊಬ್ಬರಿಗೂ ಬೇರೆ ಬೇರೆ ಕೀ, ತಲಾ ಒಂದೇ ಒಂದು ಐಪಿ. ಫೈರ್‌ವಾಲ್‌ನಲ್ಲಿ ಆ ಐಪಿಯಿಂದ ಪಿಬಿಎಕ್ಸ್‌ನ ಸಿಪ್ ಮತ್ತು ಆರ್‌ಟಿಪಿ ಪೋರ್ಟಿಗೆ ಮಾತ್ರ ಬಿಡುವುದು. ಟ್ಯಾಲಿ ಸರ್ವರ್ ಕಡೆ ತಿರುಗಿಯೂ ನೋಡಬಾರದು. ಫೋನ್ ಕಳೆದರೆ ಆ ಒಂದು ಪೀರ್ (ಆ ಫೋನಿನ ಕೀ ಇರುವ ನಮೂದು) ತೆಗೆದರೆ ಸಾಕು. ಸಾಫ್ಟ್‌ವೇರೇ ಕೆಟ್ಟದ್ದಾಗಿ ಬಂದರೆ ಏನಾಗುತ್ತದೆ ಅನ್ನುವುದಕ್ಕೆ 2023ರ ಮಾರ್ಚ್‌ನ ಉದಾಹರಣೆ ಇದೆ. ಆಗ 3ಸಿಎಕ್ಸ್ ಅನ್ನುವ ಪಿಬಿಎಕ್ಸ್ ಕಂಪನಿಯ ಡೆಸ್ಕ್‌ಟಾಪ್ ಆ್ಯಪ್‌ನ ಅಸಲಿ ಇನ್‌ಸ್ಟಾಲರ್ ಒಳಗೇ ದಾಳಿಕೋರರು ತಮ್ಮ ಕೋಡ್ ಸೇರಿಸಿದ್ದರು. ಅಂಥ ದಿನ ಯಾವ ಟನಲ್ಲೂ ಕಾಯುವುದಿಲ್ಲ, ಒಳಗಿನ ಗೋಡೆಗಳೇ ಕಾಯಬೇಕು. ಹಾಗೆಯೇ ಹೊರಗೆ ಹೋಗುವ ರೂಟ್‌ನಲ್ಲಿ 00 ಬಂದ್ ಮಾಡಿ, ಟ್ರಂಕ್ ಕೊಟ್ಟವರ ಬಳಿಯೂ ಐಎಸ್‌ಡಿ ಬಂದ್ ಮಾಡಿಸಿ. ಯಾವ ದಾರಿ ಆಯ್ದುಕೊಂಡರೂ ಇದು ಬೇಕು.

ನಾಲ್ಕನೆಯದು ಕ್ಲೌಡ್. ಪಿಬಿಎಕ್ಸೇ ಬೇರೆಯವರ ಹತ್ತಿರ, ನಮಗೆ ಆ್ಯಪ್ ಮತ್ತು ತಿಂಗಳ ಬಿಲ್. ಒಂದು ಆಫೀಸಿನಲ್ಲಿ ಇದನ್ನು ಹಾಕಿಸಿ, ಜನ ಬಳಸುವುದನ್ನು ಗಮನಿಸಿದ್ದೇನೆ. ಲಾಗ್ ನೋಡುವ ಕೆಲಸ, ಅಪ್‌ಡೇಟ್ ಮಾಡುವ ಕೆಲಸ ಎರಡೂ ಇಲ್ಲ. ಐಟಿ ನೋಡಿಕೊಳ್ಳುವವರೇ ಇಲ್ಲದ ಆಫೀಸಿಗೆ ನಾನೇ ಇದನ್ನು ಸೂಚಿಸುತ್ತೇನೆ. ಆದರೆ ಒಬ್ಬೊಬ್ಬ ಬಳಕೆದಾರನಿಗೂ ಬಾಡಿಗೆ ಕೊಡಬೇಕು. ದಿನಕ್ಕೆ ಒಂದೆರಡು ಸಲ ಮಾತ್ರ ರಿಂಗ್ ಆಗುವ ಗೋಡೌನ್ ಫೋನಿಗೂ ಅಷ್ಟೇ ದುಡ್ಡು. ಇಂಟರ್ನೆಟ್ ಹೋದರೆ ಪಕ್ಕದ ಕೋಣೆಗೂ ಕಾಲ್ ಹೋಗುವುದಿಲ್ಲ. ಸಹಿ ಹಾಕುವ ಮೊದಲು ಲಾಗ್ ಬಗ್ಗೆ ಕೇಳಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್‌ನ 2022ರ ಏಪ್ರಿಲ್‌ನ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ನಿಮ್ಮ ಕಾಲ್ ಲಾಗ್ ಕೇಳಿದಾಗ ಅವರು ಕೊಡುತ್ತಾರಾ, ಎಷ್ಟು ದಿನದ್ದು ಕೊಡುತ್ತಾರೆ? ಸ್ವಂತ ಆಸ್ಟರಿಸ್ಕ್ ಇದ್ದರೂ ಲಾಗ್‌ರೊಟೇಟ್ ಒಮ್ಮೆ ನೋಡಿಕೊಳ್ಳಿ, ಹಳೆಯದನ್ನು ಬೇಗ ಅಳಿಸುವಂತೆ ಇದ್ದರೆ ಬದಲಿಸಿ.

ಕ್ಲೌಡ್ ನಿಜವಾಗಿ ಗೆಲ್ಲುವುದು ಮೊಬೈಲ್‌ನಲ್ಲಿ. ಆ್ಯಪ್ ಮುಚ್ಚಿದ್ದರೂ ಪುಶ್ ನೋಟಿಫಿಕೇಶನ್ ಬಂದು ಫೋನ್ ಎಚ್ಚರಗೊಂಡು ರಿಂಗ್ ಆಗುತ್ತದೆ. ವೈರ್‌ಗಾರ್ಡ್ ಮೂಲಕ ಲಿನ್‌ಫೋನ್, ಜಾಯ್ಪರ್ ಅನ್ನುವ ಕಾಲ್ ಆ್ಯಪ್‌ಗಳನ್ನು ಹಾಕಿ ನೋಡಿದೆ. ಆ್ಯಪ್ ತೆರೆದಿದ್ದಾಗ ಮಾತು ಸೊಗಸು. ಜೇಬಿಗೆ ಹಾಕಿದ ಸ್ವಲ್ಪ ಹೊತ್ತಿಗೆ ಆಂಡ್ರಾಯ್ಡ್ ಬ್ಯಾಟರಿ ಉಳಿಸಲು ಅದನ್ನು ಮಲಗಿಸುತ್ತದೆ, ಐಫೋನ್ ಇನ್ನೂ ಬಿಗಿ. ಬ್ಯಾಟರಿ ಸೆಟ್ಟಿಂಗ್ ಬದಲಿಸಿದರೂ ಪೂರ್ತಿ ನಂಬುವಂತಾಗಲಿಲ್ಲ.

ಅದಕ್ಕೆ ಊರೂರು ತಿರುಗುವ ಸೇಲ್ಸ್‌ನವರಿಗೆ ಆ್ಯಪ್ ಕೊಡುವುದನ್ನೇ ಬಿಟ್ಟೆ. ಅವರ ಎಕ್ಸ್‌ಟೆನ್ಶನ್‌ಗೆ ಫಾಲೋ-ಮೀ ಹಾಕಿ, ಕಾಲ್ ನೇರವಾಗಿ ಅವರ ಸಾಮಾನ್ಯ ಮೊಬೈಲ್ ನಂಬರಿಗೆ ಹೋಗುವಂತೆ ಮಾಡಿದ್ದೇನೆ. ಹಳ್ಳಿ ರಸ್ತೆಯಲ್ಲಿ ಡೇಟಾ ಇಲ್ಲದಿದ್ದರೂ ರಿಂಗ್ ಆಗುತ್ತದೆ. ಹೀಗೆ ಮಾಡುವವರು ಟ್ರಂಕ್ ಚಾನೆಲ್ ಲೆಕ್ಕ ಹಾಕಿಕೊಳ್ಳಿ: ಹೊರಗಿನಿಂದ ಬಂದ ಕಾಲ್ ಮತ್ತೆ ಹೊರಗೆ ಹೋಗುವಾಗ ಒಂದಲ್ಲ, ಎರಡು ಚಾನೆಲ್ ಹಿಡಿಯುತ್ತದೆ.