ಡಾಕ್ಸಿಸೈಕ್ಲಿನ್ 100 ಎಂಜಿ: ಮದ್ದು ಗಟ್ಟಿ, ನುಂಗುವವರೇ ಎಡವುವುದು

ಇದು ಒಂದು ಕಂಪನಿಯ ವಿಮರ್ಶೆಯಲ್ಲ. ಡಾಕ್ಟರ ಚೀಟಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ, ಬ್ಯಾಕ್ಟೀರಿಯಾ ಸೋಂಕಿನ ಆಂಟಿಬಯಾಟಿಕ್ ಆದ ಡಾಕ್ಸಿಸೈಕ್ಲಿನ್ ಸ್ಟ್ರಿಪ್ಪಿನದು.

ಬ್ಯಾಕ್ಟೀರಿಯಾ ಪ್ರೋಟೀನ್ ಕಟ್ಟುವುದು ರೈಬೋಸೋಮ್ ಎಂಬ ಪುಟ್ಟ ಕಾರ್ಖಾನೆಯಲ್ಲಿ. ಅದರ ಚಿಕ್ಕ ತುಂಡು 30ಎಸ್. ಡಾಕ್ಸಿಸೈಕ್ಲಿನ್ ಮೆಗ್ನೀಸಿಯಮ್ ಅಯಾನನ್ನು ಕಚ್ಚಿಕೊಂಡು ಆ ತುಂಡಿನ ಎಳೆಯಾದ 16ಎಸ್ ಆರ್‌ಎನ್‌ಎಗೆ ಅಂಟಿ ಕೂರುತ್ತದೆ, ಅದೂ ಸರಿಯಾಗಿ ಹೊಸ ಕೊಂಡಿ ಬಂದು ಸೇರುವ 'ಎ' ಸೈಟಿನ ಬಾಗಿಲಲ್ಲಿ. ಪ್ರೋಟೀನಿನ ಮುಂದಿನ ಕೊಂಡಿಯಾದ ಅಮೈನೋ ಆಮ್ಲ ಹೊತ್ತು ಬಂದ ಟಿಆರ್‌ಎನ್‌ಎಗೆ ಕೂರಲು ಜಾಗವಿಲ್ಲ. ಸರಪಳಿ ಅಲ್ಲಿಗೇ ನಿಂತಿತು. ನಮ್ಮ ಜೀವಕೋಶದ 80ಎಸ್ ರೈಬೋಸೋಮಿಗೆ ಈ ಹಿಡಿತ ತೀರಾ ಸಡಿಲ.

ಲೋಹ ಕಂಡರೆ ಕಚ್ಚುವ ಈ ಚಟ ಹೊಟ್ಟೆಯಲ್ಲೂ ಬಿಡುವುದಿಲ್ಲ. ಅಸಿಡಿಟಿಗೆ ಕುಡಿಯುವ ಸಿರಪ್ಪಿನ ಅಲ್ಯೂಮಿನಿಯಂ, ಮೆಗ್ನೀಸಿಯಮ್, ರಕ್ತಹೀನತೆಯ ಮಾತ್ರೆಯ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ, ಯಾವುದು ಸಿಕ್ಕರೂ ಕಟ್ಟಿಕೊಂಡು, ರಕ್ತಕ್ಕೆ ಸೇರದೆ ಮಲದಲ್ಲಿ ಹೋಗುತ್ತದೆ. ನಡುವೆ ಎರಡು-ಮೂರು ಗಂಟೆ ಬಿಡಿ. ಜ್ವರ ಬಂದವರಿಗೆ ನಮ್ಮಲ್ಲಿ ಹಾಲು-ಬ್ರೆಡ್ಡೇ ಗತಿ. ಹಾಲಿನಿಂದ ಹಳೆಯ ಟೆಟ್ರಾಸೈಕ್ಲಿನ್‌ನಷ್ಟು ನಷ್ಟವಿಲ್ಲ, ಸುಮಾರು ಐದರಲ್ಲೊಂದು ಪಾಲು. ಆದರೂ ಮಾತ್ರೆಗೆ ನೀರೇ ಸರಿ.

ದೊಡ್ಡ ದೂರು ಕ್ಯಾಪ್ಸೂಲಿನದು. ಒಂದು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಜೆಲಾಟಿನ್ ಅನ್ನನಾಳಕ್ಕೆ ಅಂಟಿ, ಆಮ್ಲೀಯ ಮದ್ದು ಅಲ್ಲೇ ಕರಗಿ ಹುಣ್ಣು ಮಾಡುತ್ತದೆ. ಮರುದಿನ ಎಂಜಲು ನುಂಗಿದರೂ ಎದೆ ಉರಿ. ಊಟದ ಜೊತೆ, ತುಂಬಿದ ಲೋಟ ನೀರು, ಆಮೇಲೆ ಅರ್ಧ ಗಂಟೆ ನೆಟ್ಟಗೆ ಕೂರುವುದು. ಬಿಸಿಲಿಗೆ ಚರ್ಮ ಸುಡುವುದೂ ಇದೆ.

ಇದರ ಬೆಲೆ ತಿಳಿಯುವುದು ಸ್ಕ್ರಬ್ ಟೈಫಸ್‌ನಲ್ಲಿ. ಕರ್ನಾಟಕದಲ್ಲೂ ಕಾಣಿಸುವ ಜ್ವರ. ನುಸಿಯ ಮರಿ ಕಚ್ಚಿದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಲೆ, ಎಲ್ಲರಲ್ಲೂ ಅಲ್ಲ. ರೋಗಾಣು ನಮ್ಮ ಜೀವಕೋಶದೊಳಗೇ ಅಡಗಿರುತ್ತದೆ. ಪೆನಿಸಿಲಿನ್ ಜಾತಿಯವು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಡಾಕ್ಸಿಸೈಕ್ಲಿನ್ ಒಳಗೆ ನುಗ್ಗುತ್ತದೆ. ವಯಸ್ಕರಿಗೆ 100 ಎಂಜಿ ದಿನಕ್ಕೆರಡು ಸಲ, 7 ದಿನ. ಸಾಮಾನ್ಯವಾಗಿ 48 ಗಂಟೆಯಲ್ಲಿ ಜ್ವರ ಇಳಿಯುತ್ತದೆ. ಇಳಿಯಿತೆಂದು ಅಲ್ಲಿಗೇ ಬಿಟ್ಟರೆ ಕಷ್ಟ: ಇದು ಬ್ಯಾಕ್ಟೀರಿಯಾವನ್ನು ಕೊಲ್ಲುವುದಕ್ಕಿಂತ ತಡೆಹಿಡಿಯುವ ಮದ್ದು, ಮಟ್ಟ ಕುಸಿದರೆ ರೈಬೋಸೋಮಿನಿಂದ ಕಳಚಿ ಕಾರ್ಖಾನೆ ಮತ್ತೆ ಶುರು. ಗರ್ಭಿಣಿಯರಿಗೆ ಸಾಮಾನ್ಯವಾಗಿ ಅಜಿತ್ರೋಮೈಸಿನ್ ಬರೆಯುತ್ತಾರೆ. ಅದು ರೈಬೋಸೋಮಿನ ದೊಡ್ಡ ತುಂಡಾದ 50ಎಸ್‌ನಲ್ಲಿ ಪ್ರೋಟೀನ್ ಹೊರಬರುವ ಸುರಂಗಕ್ಕೆ ಅಡ್ಡ ಕೂರುತ್ತದೆ.

ಲ್ಯಾಕ್ಟೋಬ್ಯಾಸಿಲಸ್ ಎಂಬ, ಹೊಟ್ಟೆಗೆ ಒಳ್ಳೆಯದೆನ್ನುವ ಬ್ಯಾಕ್ಟೀರಿಯಾ ಬೆರೆಸಿದ ಸ್ಟ್ರಿಪ್ಪೂ ಬರುತ್ತದೆ. ಆ ಬ್ಯಾಕ್ಟೀರಿಯಾಕ್ಕೂ ಇರುವುದು 30ಎಸ್, 50ಎಸ್ ತುಂಡು ಸೇರಿದ ಅದೇ 70ಎಸ್ ರೈಬೋಸೋಮ್, ಮದ್ದು ಅದನ್ನೂ ತಡೆಯಬಹುದು. ಒಂದೇ ಗುಳಿಗೆಯಲ್ಲಿ ಬೀಗವನ್ನೂ ಮನೆಯವರನ್ನೂ ತುಂಬಿದ ಹಾಗೆ. ಬರೀ ಡಾಕ್ಸಿಸೈಕ್ಲಿನ್ ಇರುವುದು ಸಿಗುತ್ತದಾ ಎಂದು ಡಾಕ್ಟರನ್ನೇ ಕೇಳಿ.