ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್: ಯೂನಿವರ್ಸಲ್ಲಾ, ಕಂಪನಿದಾ?

ನನ್ನ ವೋಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡುತ್ತೇನೆ: ಕಂಪನಿ ಆಯಿಲ್‌ಗೆ. ನನ್ನದು 2012ರ ಹೋಂಡಾ ಸಿಟಿ, ಐದು ಗೇರಿನ ಆಟೊಮ್ಯಾಟಿಕ್. ಅದಕ್ಕೆ ಹಾಕಬೇಕಾದ್ದು ಹೋಂಡಾದ್ದೇ ಡಿಡಬ್ಲ್ಯೂ-1 ಎಂಬ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್. ಕಳೆದ ವರ್ಷ ನನಗೆ ಬೇಕಾದ ದಿನ ಅದು ಸಿಗಲಿಲ್ಲ. "ಇದು ಎಲ್ಲ ಗಾಡಿಗೂ ಆಗುತ್ತೆ ಸಾರ್" ಅಂತ ಅಂಗಡಿಯವರು ಯೂನಿವರ್ಸಲ್ ಡಬ್ಬ ಕೊಟ್ಟರು. ಹಿಂದುಗಡೆ ಯಾವ್ಯಾವ ಆಯಿಲ್ ಬದಲು, ಯಾವ್ಯಾವ ಗಾಡಿಗೆ ಹಾಕಬಹುದು ಅಂತ ಡೆಕ್ಸ್‌ರಾನ್, ಮರ್ಕಾನ್, ಟೊಯೊಟಾ, ಹ್ಯುಂಡೈ, ಹೋಂಡಾ ಎಂದು ಸಣ್ಣಕ್ಷರದ ಉದ್ದ ಪಟ್ಟಿ. ಲೀಟರಿಗೆ ಇನ್ನೂರೈವತ್ತು ರೂಪಾಯಿ ಕಡಿಮೆ ಬೇರೆ. ತಗೊಂಡೆ.

ಮೊದಲ ತಿಂಗಳು ಗೇರ್ ನಯವಾಗಿಯೇ ಬೀಳುತ್ತಿತ್ತು. ಹಳೇದು ತೆಗೆದು ಹೊಸ ಆಯಿಲ್ ಯಾವುದು ಹಾಕಿದರೂ ಹಾಗೇ ಅನ್ನಿಸುತ್ತದೆ. ಆಮೇಲೆ ಶುರುವಾಯಿತು ನಡುಕ.

ತುಮಕೂರು ರಸ್ತೆಯಲ್ಲಿ 60ರ ಆಸುಪಾಸು ಹೋಗುವಾಗ, ಆಕ್ಸಿಲರೇಟರ್ ಮೇಲೆ ಕಾಲು ಸುಮ್ನೆ ಇಟ್ಟಂತೆ ಇದ್ದರೆ ಸಾಕು, ಎರಡು ಮೂರು ಸೆಕೆಂಡು ಗಾಡಿ ಗಡಗಡ ಅನ್ನುತ್ತಿತ್ತು. ಟೋಲ್ ಹತ್ತಿರ ರಸ್ತೆಗೆ ಅಡ್ಡ ಬಳಿದ ದಪ್ಪ ಬಿಳಿ ಪಟ್ಟಿಗಳ ಮೇಲೆ ಹೋದ ಹಾಗೆ. ಬಾಟಲಿಯಲ್ಲಿದ್ದ ನೀರು ನಡುಗುವುದು ಕಾಣುತ್ತಿತ್ತು. ಕಾಲು ಒತ್ತಿದರೆ ಮಾಯ, ತೆಗೆದರೂ ಮಾಯ. ಒಬ್ಬರು ಇಂಜಿನ್ ಮೌಂಟ್ ಅಂದರು, ಇನ್ನೊಬ್ಬರು ಪ್ಲಗ್ ಅಂದರು. ಪ್ಲಗ್ ಬದಲಾಯಿಸಿದೆ, ವ್ಹೀಲ್ ಬ್ಯಾಲೆನ್ಸ್ ಮಾಡಿಸಿದೆ. ಹೋಗಲಿಲ್ಲ. ಕೊನೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಪಕ್ಕದಲ್ಲಿ ಕೂತು, "ನಡುಕ ಬಂದಾಗ ಎಡಗಾಲಲ್ಲಿ ಬ್ರೇಕ್ ಸ್ವಲ್ಪ ಮುಟ್ಟಿ ನೋಡಿ" ಅಂದರು. ಮುಟ್ಟಿದ ಕೂಡಲೇ ನಿಂತಿತು. ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ ಟಾರ್ಕ್ ಕನ್ವರ್ಟರ್; ಅದರೊಳಗೆ ಇವೆರಡನ್ನೂ ನೇರವಾಗಿ ಜೋಡಿಸುವ ಲಾಕ್-ಅಪ್ ಕ್ಲಚ್ ಇದೆ. ಬ್ರೇಕ್ ಮುಟ್ಟಿದರೆ ಅದು ಬಿಟ್ಟುಕೊಳ್ಳುತ್ತದೆ. ತೊಂದರೆ ಇದ್ದದ್ದು ಅಲ್ಲಿ.

ಆ ಕ್ಲಚ್ ಎಟಿಎಫ್‌ನಲ್ಲೇ ಮುಳುಗಿರುತ್ತದೆ. ಪೂರ್ತಿ ಕಚ್ಚುವ ಮೊದಲು ಸ್ವಲ್ಪ ಜಾರಬೇಕು. ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಅನ್ನುವುದು ಆಯಿಲ್‌ಗೆ ಬೆರೆಸಿದ, ಉಜ್ಜಾಟವನ್ನು ಹದಗೊಳಿಸುವ ಫ್ರಿಕ್ಷನ್ ಮಾಡಿಫೈಯರ್ ಮೇಲೆ ನಿಂತಿದೆ. ಹೋಂಡಾದ ಈ ಗೇರ್‌ಬಾಕ್ಸಂತೂ ಒಳಗಿನಿಂದಲೇ ಬೇರೆ ಥರ. ಉಳಿದವರು ಹೆಚ್ಚಾಗಿ ನಡುವಿನ ಗೇರಿನ ಸುತ್ತ ಸಣ್ಣ ಗೇರ್‌ಗಳಿರುವ ಪ್ಲಾನೆಟರಿ ಗೇರ್ ಹಾಕಿದರೆ, ಇಲ್ಲಿ ಮ್ಯಾನುಯಲ್ ಗಾಡಿಯ ಹಾಗೆ ಅಕ್ಕಪಕ್ಕದ ಶಾಫ್ಟ್‌ಗಳಿವೆ. ಎಲ್ಲರಿಗೂ ಸೇರಿಸಿ ಮಾಡಿದ ಆಯಿಲ್ ಎಲ್ಲೋ ಒಂದು ಕಡೆ ರಾಜಿ ಆಗಲೇಬೇಕು ಅಲ್ವಾ?

ವಾಪಸ್ ಬರುವುದು ಸುಲಭವಲ್ಲ. ಡ್ರೈನ್ ಬೋಲ್ಟ್ ಬಿಚ್ಚಿದರೆ ಬರುವುದು ಎರಡೂವರೆ ಲೀಟರ್ ಅಷ್ಟೇ. ಉಳಿದದ್ದು ಕನ್ವರ್ಟರ್‌ನಲ್ಲೇ ಇರುತ್ತದೆ. ಹಾಗಾಗಿ ನಡುವೆ ಒಂದಷ್ಟು ಗಾಡಿ ಓಡಿಸಿ ಮೂರು ಸಲ ಡಿಡಬ್ಲ್ಯೂ-1 ಹಾಕಿಸಿದೆ. ಎರಡನೇ ಸಲಕ್ಕೆ ನಡುಕ ಅರ್ಧವಾಯಿತು, ಮೂರನೆಯದಕ್ಕೆ ನಿಂತಿತು. ಏಳೂವರೆ ಲೀಟರ್ ಖರ್ಚು. ಉಳಿಸಿದ್ದು ಆರುನೂರು ಚಿಲ್ಲರೆ!

ಬಣ್ಣ ನೋಡಿ ಏನೂ ಗೊತ್ತಾಗದು, ಎರಡೂ ಕೆಂಪೇ.

ಯೂನಿವರ್ಸಲ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನಮ್ಮ ಭಾವನ ಹಳೇ ಐ10 ನಾಲ್ಕು ಗೇರಿನ ಆಟೊಮ್ಯಾಟಿಕ್. ಅದಕ್ಕೆ ಬೇಕಾದ ಎಸ್‌ಪಿ-3 ಎಂಬ ಆಯಿಲ್ ಡಬ್ಬದ ಆ ಪಟ್ಟಿಯಲ್ಲಿತ್ತು. ಎರಡು ವರ್ಷದಿಂದ ಅದೇ ಆಯಿಲ್‌ನಲ್ಲಿ ಓಡುತ್ತಿದೆ, ಒಂದು ದಿನ ತಕರಾರಿಲ್ಲ. ಆದರೆ ಸಿವಿಟಿ ಗಾಡಿಗೆ, ಅಂದರೆ ಗೇರ್‌ಗಳ ಬದಲು ಬೆಲ್ಟು-ಪುಲ್ಲಿ ಇರುವ ಆಟೊಮ್ಯಾಟಿಕ್‌ಗೆ, ಮಾತ್ರ ಈ ಡಬ್ಬ ಬೇಡವೇ ಬೇಡ. ಅಲ್ಲಿ ಬೆಲ್ಟ್ ಪುಲ್ಲಿಯನ್ನು ಕಚ್ಚಿ ಹಿಡಿಯಬೇಕು, ಅದರ ಆಯಿಲೇ ಬೇರೆ.

ನಾನು ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಕಿಲೋಮೀಟರ್ ಓಡಿಸುವವನು, ಜಾಸ್ತಿ ಬೆಂಗಳೂರಿನ ಟ್ರಾಫಿಕ್‌ನಲ್ಲೇ. ಈ ಗಾಡಿಯನ್ನು ಇನ್ನೂ ಐದು ವರ್ಷ ಇಟ್ಟುಕೊಳ್ಳುವ ಆಸೆ. ಎರಡು ವರ್ಷಕ್ಕೊಮ್ಮೆ ಒಂದು ಡ್ರೈನ್ ಸಾಕು. ಮುಂದಿನ ಸಲಕ್ಕೆ ಬೇಕಾದ ಮೂರು ಲೀಟರ್ ಡಿಡಬ್ಲ್ಯೂ-1 ಈಗಲೇ ತಂದು ಮನೆಯಲ್ಲಿ ಇಟ್ಟಿದ್ದೇನೆ.