ಮುಲುಂಡಿನ ಕನ್ನಡ ಕ್ಲಾಸು: ವಾರಕ್ಕೆ ಒಂದೇ ಪದ

ಮಗಳನ್ನು ಮುಂಬೈ ಮುಲುಂಡಿನ ಈ ಭಾನುವಾರದ ಕ್ಲಾಸಿಗೆ ಸೇರಿಸಿ ಮೂರು ತಿಂಗಳಾಯಿತು. ಬಾಯಿಪಾಠ ಇಲ್ಲ. ವಾರಕ್ಕೆ ಒಂದೇ ಪದ, ಅದೂ ಹಳೇ ಕಾದಂಬರಿಯಿಂದ. ಹೋದ ವಾರ ‘ದುಡಿ’. ಅವಳಿಗೆ ಗೊತ್ತಿದ್ದದ್ದು ನಾನು ದಿನಾ ಗೊಣಗುವ ‘ದುಡಿದು ದುಡಿದು ಸಾಕಾಯ್ತು’ ಮಾತ್ರ. ಮೇಷ್ಟ್ರು ಕಾರಂತರ ‘ಚೋಮನ ದುಡಿ’ (1933) ತೆಗೆದರು. ಅಲ್ಲಿ ದುಡಿ ಅಂದರೆ ಪುಟ್ಟ ಚರ್ಮವಾದ್ಯ. ಸ್ವಂತ ಬೇಸಾಯದ ಆಸೆ ಕೈಗೂಡದ ಚೋಮ ತನ್ನ ಸಂಕಟವನ್ನೆಲ್ಲ ಅದರ ಮೇಲೆ ಬಡಿಯುತ್ತಾನೆ. ‘ಅಮ್ಮಾ, ಅವನು ದುಡಿದದ್ದೂ ಇದೆ, ದುಡಿ ಬಾರಿಸಿದ್ದೂ ಇದೆ ಅಲ್ವಾ?’ ಎಂದಳು, ಲೋಕಲ್ ಟ್ರೇನಿನಲ್ಲಿ. ನಾನು ಪುತ್ತೂರಿನವಳು, ನನಗೇ ಹೊಳೆದಿರಲಿಲ್ಲ!

ಫೀಸು ತಿಂಗಳಿಗೆ 600 ರೂಪಾಯಿ, ಜಾಸ್ತಿಯೇನಲ್ಲ. ಝೆರಾಕ್ಸ್ ಪುಟಗಳು ಮಾತ್ರ ತೀರಾ ಮಸುಕು. ಮುಂದಿನ ವಾರ ‘ಸಾಲ’ವಂತೆ.